ಪ್ರಥಮ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು

೧೯೪೮ನೆಯ ಇಸವಿಯ ಮಾರ್ಚ್ ತಿಂಗಳಿನವರೆಗೆ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿದ ತಾಲೂಕಾಗಿತ್ತು. ಸಂಸ್ಥಾನದ ರಾಜಧಾನಿ ದೂರದ ಕೃಷ್ಣಾತೀರದ ಸೀಮೆಯಲ್ಲಿ. ಈ ತಾಲೂಕು ಮಾತ್ರ ಧಾರವಾಡ ಜಿಲ್ಲೆಯ ಮಡಿಲಿನಲ್ಲಿ, ತಾಯಿಯನ್ನಗಲಿದ ಕೂಸಿನಂತೆ ಪ್ರತ್ಯೇಕವಾಗಿ ಬಿದ್ದುಕೊಂಡಿತ್ತು. ಆಳುವವರು ಪಟವರ್ಧನ ಮನೆತನದ ಅರಸರು. ಅರಸನು ತೀರಿಕೊಂಡರೆ ಆತನ ಮಗನು ಪಟ್ಟವೇರುವನು. ಯಾರು ಆಳಬೇಕೆಂದು ಪ್ರಜೆಯನ್ನು ಕೇಳುವ ಪದ್ಧತಿ ಇರಲಿಲ್ಲ. ೧೯೪೮ರ ಮಾರ್ಚ್ ೮ರಂದು ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅನಂತರ ನಾಲ್ಕು ವರುಷಗಳು ತುಂಬಿ ಎರಡು ತಿಂಗಳು ಕಳೆಯುವಷ್ಟರಲ್ಲಿ, ಅಂದರೆ ೧೯೫೨ರ ಮೇ ೨ರಂದು, ಇದೇ ನೆಲದ ಜನರು ಆರಿಸಿ ಕಳುಹಿಸಿದ ಶಾಸಕರು ಮುಂಬಯಿಯಲ್ಲಿಯೂ ಸಂಸತ್ಸದಸ್ಯರು ದಿಲ್ಲಿಯಲ್ಲಿಯೂ ಸಮಗ್ರ ಭಾರತದ ಅಗ್ರಪೀಠದಲ್ಲಿ ಯಾರು ಕೂಡಬೇಕೆಂಬುದನ್ನು ತಮ್ಮ ಮತದಿಂದ ನಿರ್ಣಯಿಸಿದರು. ಹುಟ್ಟಿನಿಂದ ಬರುವ ಪಟ್ಟಕ್ಕೂ ಅರ್ಹತೆಯನ್ನು ನೋಡಿ ಕೊಡುವ ಪೀಠಕ್ಕೂ ಇರುವ ಅಂತರವನ್ನು ಶರಣರ ನಾಡಿನವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುದೇವರು ಯಾವ ಅರಸನ ಮಗನೂ ಆಗಿರಲಿಲ್ಲ.

೧೯೫೨ರ ಆ ಚುನಾವಣೆಯಲ್ಲಿ ಆರಿಸಿಬಂದ ಮಹನೀಯರು ಬಾಬು ರಾಜೇಂದ್ರ ಪ್ರಸಾದರು.

ಬಿಹಾರ ಪ್ರಾಂತದ ಸಾರಣ ಜಿಲ್ಲೆಯಲ್ಲಿ, ಇಂದಿನ ಸಿವಾನ ಜಿಲ್ಲೆಯಲ್ಲಿ, ಜೀರಾದೇಯಿ ಎಂಬುದೊಂದು ಹಳ್ಳಿ. ಅಲ್ಲಿಯ ಕಾಯಸ್ಥ ಮನೆತನವೊಂದರಲ್ಲಿ ೧೮೮೪ರ ಡಿಸೆಂಬರ್ ೩ರಂದು ಅವರ ಜನನವಾಯಿತು. ತಂದೆ ಮಹಾದೇವ ಸಹಾಯರು ಫಾರಸಿ ಮತ್ತು ಸಂಸ್ಕೃತಗಳೆರಡನ್ನೂ ಬಲ್ಲ ವಿದ್ವಾಂಸರು. ತಾಯಿ ಕಮಲೇಶ್ವರೀ ದೇವಿಯವರು ಮಗನಿಗೆ ರಾಮಾಯಣದ ಕಥೆಗಳನ್ನು ಹೇಳಿ ಬೆಳೆಸಿದ ಸಾಧ್ವಿ. ಆ ಕಾಲದ ಸಂಪ್ರದಾಯದಂತೆ ಬಾಲಕನ ಅಕ್ಷರಾಭ್ಯಾಸ ಮೌಲವಿಯೊಬ್ಬರ ಬಳಿ ಫಾರಸಿಯಲ್ಲಿಯೇ ಆರಂಭವಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ರಾಜವಂಶೀ ದೇವಿಯವರೊಡನೆ ವಿವಾಹವೂ ಆಗಿಹೋಯಿತು. ಛಪರಾದ ಜಿಲ್ಲಾ ಶಾಲೆಯಲ್ಲಿ ಓದಿ ೧೯೦೨ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕುಳಿತ ಈ ಹಳ್ಳಿಯ ಹುಡುಗನು ಇಡೀ ವಿಶ್ವವಿದ್ಯಾಲಯಕ್ಕೆ ಪ್ರಥಮನಾಗಿ ಉತ್ತೀರ್ಣನಾದನು. ಅಂದು ಆ ವಿಶ್ವವಿದ್ಯಾಲಯದ ವ್ಯಾಪ್ತಿ ಬಂಗಾಲ, ಬಿಹಾರ, ಒರಿಸ್ಸಾ, ಅಸ್ಸಾಮಗಳನ್ನೆಲ್ಲ ಒಳಗೊಂಡಿತ್ತೆಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿಯುತ್ತದೆ. ತಿಂಗಳಿಗೆ ೩೦ ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯಿತು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾಭ್ಯಾಸ, ೧೯೦೭ರಲ್ಲಿ ಎಂ.ಎ. ಪದವಿ, ಮುಜಫ್ಫರಪುರದಲ್ಲಿ ಕೆಲಕಾಲ ಅಧ್ಯಾಪನ, ಅನಂತರ ಕಾನೂನಿನ ವ್ಯಾಸಂಗ ಮತ್ತು ವಕೀಲಿ. ಇವೆಲ್ಲ ಒಂದರ ಬೆನ್ನಿಗೊಂದು ಬಂದವು. ೧೯೧೫ರಲ್ಲಿ ಕಾನೂನಿನ ಉಚ್ಚ ಪರೀಕ್ಷೆಯಲ್ಲಿ ಸುವರ್ಣಪದಕ. ೧೯೧೬ರಲ್ಲಿ ಪಾಟ್ನಾದಲ್ಲಿ ಹೈಕೋರ್ಟು ಸ್ಥಾಪಿತವಾದೊಡನೆ ಅಲ್ಲಿಗೆ ವರ್ಗವಾಗಿ ಹೋದ ಅವರ ವಕೀಲಿ ವೃತ್ತಿಯು ಬಹು ಬೇಗನೆ ಹೆಚ್ಚು ವರಮಾನವುಳ್ಳದ್ದಾಯಿತು.

ಇದಕ್ಕೆ ಮೊದಲೇ, ೧೯೧೦ರಲ್ಲಿ, ಗೋಪಾಲಕೃಷ್ಣ ಗೋಖಲೆಯವರು ಈ ಮೇಧಾವಿ ತರುಣನನ್ನು ಕರೆಯಿಸಿ ಭಾರತ ಸೇವಕ ಸಮಾಜಕ್ಕೆ ಸೇರಲು ಸೂಚಿಸಿದ್ದರು. ರಾಜೇಂದ್ರ ಪ್ರಸಾದರ ಮನಸ್ಸು ಅತ್ತ ಒಲಿಯಿತು. ಆದರೆ ಮನೆಯ ಹೊಣೆ ಹೊತ್ತಿದ್ದವರು ಅಣ್ಣ ಮಹೇಂದ್ರ ಪ್ರಸಾದರು. ಎದುರು ನಿಂತು ಮಾತನಾಡುವ ಧೈರ್ಯ ಸಾಲದೆ ಅವರು ಅಣ್ಣನಿಗೊಂದು ದೀರ್ಘವಾದ ಪತ್ರವನ್ನು ಬರೆದು ಅನುಮತಿಯನ್ನು ಬೇಡಿದರು. ಪತ್ರವನ್ನೋದಿದ ಅಣ್ಣನು ಅತ್ತುಬಿಟ್ಟರು. ಮನೆಯಲ್ಲೆಲ್ಲ ದುಃಖ ಕವಿಯಿತು. ತಮ್ಮನು ತನ್ನ ಆಸೆಯನ್ನು ಹಿಂದಕ್ಕೆ ತೆಗೆದುಕೊಂಡರು. ತನ್ನ ಇಚ್ಛೆ ಒಂದು ಕಡೆ, ತನಗಿಂತ ಹಿರಿದಾದ ಕಟ್ಟಳೆ ಇನ್ನೊಂದು ಕಡೆ ನಿಂತಾಗ ಕಟ್ಟಳೆಗೆ ಬಾಗುವ ಈ ಗುಣವು ಅವರ ಬಾಳಿನ ಉತ್ತರಾರ್ಧದಲ್ಲಿ ಬಹು ದೊಡ್ಡದೊಂದು ಪ್ರಸಂಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

೧೯೧೭ರ ಏಪ್ರಿಲ್ ತಿಂಗಳಲ್ಲಿ ಚಂಪಾರಣದ ರೈತ ರಾಜಕುಮಾರ ಶುಕ್ಲನು ಗಾಂಧೀಜಿಯವರನ್ನು ಪಾಟ್ನಾಕ್ಕೆ ಕರೆತಂದನು. ಅವನು ಅವರನ್ನು ಒಯ್ದದ್ದು ವಕೀಲ ರಾಜೇಂದ್ರ ಪ್ರಸಾದರ ಮನೆಗೆ. ಯಜಮಾನರು ಊರಲ್ಲಿರಲಿಲ್ಲ. ಬಂದ ಅತಿಥಿಯ ಜಾತಿ ಯಾವುದೋ ತಿಳಿಯದ ಆಳುಗಳು, ಬಾವಿಯಿಂದ ಅವರು ಸೇದುವ ನೀರಿನ ಹನಿ ತಗುಲಿದರೆ ಮೈಲಿಗೆಯಾದೀತೆಂದು ಹೆದರಿ ಅವರನ್ನು ಬಾವಿಯ ಬಳಿಗೆ ಬಿಡಲಿಲ್ಲ. ಒಳಗಿನ ಶೌಚಾಲಯವನ್ನೂ ಬಳಸಗೊಡಲಿಲ್ಲ. ಮುಂದೆ ರಾಷ್ಟ್ರಪಿತನೆನಿಸಿದವರಿಗೆ ಮುಂದೆ ರಾಷ್ಟ್ರಪತಿಯಾದವರ ಮನೆಯಲ್ಲಿ ದೊರೆತ ಪ್ರಥಮ ಸತ್ಕಾರವಿದು. ಊರಿಗೆ ಮರಳಿದ ರಾಜೇಂದ್ರ ಪ್ರಸಾದರು ನೆಟ್ಟಗೆ ಚಂಪಾರಣಕ್ಕೆ ಹೋದರು. ಅಲ್ಲಿ ರೈತನು ಇಪ್ಪತ್ತು ಪಾಲು ಭೂಮಿಯಲ್ಲಿ ಮೂರು ಪಾಲನ್ನು ಕಡ್ಡಾಯವಾಗಿ ನೀಲಿ ಬೆಳೆಗೆ ಮೀಸಲಿಡಬೇಕಾಗಿದ್ದ ಕ್ರೂರ ಪದ್ಧತಿ ನಡೆದಿತ್ತು. ವಕೀಲರು ನ್ಯಾಯಾಲಯವನ್ನು ಬಿಟ್ಟು ಗುಮಾಸ್ತರಂತೆ ಕುಳಿತು ಸಾವಿರಾರು ರೈತರ ಹೇಳಿಕೆಗಳನ್ನು ಬರೆದುಕೊಂಡರು. ಅವರೆಲ್ಲ ತಮ್ಮ ತಮ್ಮ ಅಡಿಗೆಯವರನ್ನೂ ಆಳುಗಳನ್ನೂ ಜೊತೆಗೆ ತಂದಿದ್ದರು. ಒಬ್ಬೊಬ್ಬರದೂ ಒಂದೊಂದು ಒಲೆ. ಗಾಂಧೀಜಿಯವರು ಆ ಒಲೆಗಳನ್ನೆಲ್ಲ ಆರಿಸಿ ಒಂದೇ ಒಲೆಯನ್ನು ಹೂಡಿಸಿದರು. ಜಾತಿನಿಯಮವನ್ನು ಅದುವರೆಗೆ ಕಟ್ಟುನಿಟ್ಟಾಗಿ ಪಾಲಿಸಿದ್ದ ರಾಜೇಂದ್ರ ಪ್ರಸಾದರು ಆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ದಾಸೋಹದ ಮನೆಗಳಲ್ಲಿ ಬೆಳೆದವರಿಗೆ ಇದು ಸಾಮಾನ್ಯ ಸಂಗತಿಯೆನಿಸಬಹುದು. ಅಂದಿನ ಬಿಹಾರದ ಉನ್ನತ ಕುಲದವನೊಬ್ಬನಿಗೆ ಅದು ಸಾಮಾನ್ಯವಾಗಿರಲಿಲ್ಲ.

೧೯೨೦ರಲ್ಲಿ ಅಸಹಕಾರದ ಕರೆ ಬಂದೊಡನೆ ವಕೀಲಿಯನ್ನು ತೊರೆದರು. ಮಕ್ಕಳನ್ನು ಸರಕಾರಿ ವಿದ್ಯಾಸಂಸ್ಥೆಯಿಂದ ಬಿಡಿಸಿ ರಾಷ್ಟ್ರೀಯ ಶಿಕ್ಷಣಕ್ಕಾಗಿ ಸ್ಥಾಪಿತವಾದ ಬಿಹಾರ ವಿದ್ಯಾಪೀಠಕ್ಕೆ ಸೇರಿಸಿದರು. ಗಂಗಾತೀರದ ಸದಾಕತ್ ಆಶ್ರಮವು ಅವರ ಕರ್ಮಭೂಮಿಯಾಯಿತು. ಸೆರೆವಾಸ, ಬಿಡುಗಡೆ, ಮತ್ತೆ ಸೆರೆವಾಸ. ಜೀವನಪೂರ್ತಿ ಅವರನ್ನು ಕಾಡಿದ ಗೂರಲು ರೋಗವು ಸೆರೆಮನೆಯ ಗೋಡೆಗಳ ನಡುವೆ ಉಲ್ಬಣಿಸುತ್ತಿತ್ತು.

೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಘೋರವಾದ ಭೂಕಂಪ ಸಂಭವಿಸಿದಾಗ ಅವರು ಬಂಧನದಲ್ಲಿಯೇ ಇದ್ದರು. ಎರಡು ದಿನಗಳಲ್ಲಿ ಬಿಡುಗಡೆಯಾಯಿತು. ಕಾಯಿಲೆಯ ಮೈಯಿಂದಲೇ ಹೊರಬಂದು ಬಿಹಾರ ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಿ, ದೇಶದ ಮೂಲೆಮೂಲೆಗಳಿಂದ ೩೮ ಲಕ್ಷಕ್ಕೂ ಮಿಕ್ಕಿದ ಹಣವನ್ನು ಸಂಗ್ರಹಿಸಿ ಹಂಚಿದರು. ವೈಸರಾಯರು ತೆರೆದ ನಿಧಿಗೆ ಬಂದುದಕ್ಕಿಂತ ಇದು ಹೆಚ್ಚಾಗಿತ್ತು. ಜನರು ಯಾರನ್ನು ನಂಬಿ ಹಣ ಕೊಡುವರೆಂಬುದೂ ಒಂದು ಬಗೆಯ ಮತದಾನವೇ ಆಗಿದೆ. ಅದೇ ವರುಷದ ಮುಂಬಯಿ ಕಾಂಗ್ರೆಸ್ಸಿಗೆ ಅವರು ಅಧ್ಯಕ್ಷರಾದರು. ೧೯೩೯ರಲ್ಲಿ ಸುಭಾಷಚಂದ್ರ ಬೋಸರು ರಾಜೀನಾಮೆ ಕೊಟ್ಟಾಗ ಆ ಇಕ್ಕಟ್ಟಿನ ಪೀಠ ಮತ್ತೆ ಇವರ ಪಾಲಿಗೆ ಬಂತು; ೧೯೪೭ರಲ್ಲಿ ಆಚಾರ್ಯ ಕೃಪಲಾನಿಯವರು ಬಿಟ್ಟುಕೊಟ್ಟಾಗ ಇನ್ನೊಮ್ಮೆ. ಇತರರು ಸಿಟ್ಟಿನಿಂದಲೋ ಬೇಸರದಿಂದಲೋ ಎದ್ದುಹೋದ ಸ್ಥಾನಗಳನ್ನು ಸದ್ದಿಲ್ಲದೆ ತುಂಬುವುದು ಅವರಿಗೆ ವಿಧಿಯೇ ವಹಿಸಿಕೊಟ್ಟ ಕಾಯಕವೋ ಎಂಬಂತಿತ್ತು. ೧೯೪೨ರಿಂದ ೧೯೪೫ರವರೆಗಿನ ಬಾಂಕೀಪುರದ ಸೆರೆವಾಸದಲ್ಲಿ ದೇಶವಿಭಜನೆಯ ಪ್ರಶ್ನೆಯನ್ನು ಕುರಿತ ಬೃಹದ್ಗ್ರಂಥವನ್ನು ರಚಿಸಿದರು; ಆತ್ಮಕಥೆಯನ್ನೂ ಬರೆದರು.

೧೯೪೬ರ ಡಿಸೆಂಬರ್ ೧೧ರಂದು ಸಂವಿಧಾನ ಸಭೆಯು ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಆ ಸಭೆಯಲ್ಲಿ ಕನ್ನಡಿಗರೂ ಇದ್ದರು. ಮುಂಬಯಿ ಪ್ರಾಂತದಿಂದ ಧಾರವಾಡದ ರಂಗನಾಥ ದಿವಾಕರರು ಮತ್ತು ಎಸ್. ನಿಜಲಿಂಗಪ್ಪನವರು, ಮೈಸೂರಿನಿಂದ ಕೆಂಗಲ್ ಹನುಮಂತಯ್ಯನವರು. ಕರಡನ್ನು ರೂಪಿಸಿದ ಕೀರ್ತಿ ಡಾ. ಅಂಬೇಡ್ಕರರದು. ಎಲ್ಲ ಪಕ್ಷಗಳ, ಎಲ್ಲ ಮತಗಳ, ಎಲ್ಲ ಭಾಷೆಗಳ ವಾದಗಳನ್ನು ಬೇಸರವಿಲ್ಲದೆ ಕೇಳಿ, ಮಾತನಾಡಬೇಕೆಂದವನಿಗೆ ಅವಕಾಶವಿತ್ತು, ಸಭೆಯನ್ನು ೧೯೪೯ರ ನವೆಂಬರ್ ೨೬ರವರೆಗೆ ಮುನ್ನಡೆಸಿದ ಕೀರ್ತಿ ರಾಜೇಂದ್ರ ಪ್ರಸಾದರದು.

ಇನ್ನು ರಾಷ್ಟ್ರಪತಿ ಪದವಿಯ ವಿಚಾರ. ಆ ಪೀಠ ಅವರಿಗೆ ತಾನಾಗಿ ಒಲಿದು ಬಂತೆಂದು ಅನೇಕರು ತಿಳಿದಿದ್ದಾರೆ. ಅದು ಪೂರ್ಣ ಸತ್ಯವಲ್ಲ. ಪ್ರಧಾನಿ ಜವಾಹರಲಾಲ ನೆಹರೂ ಅವರ ಮನಸ್ಸಿನಲ್ಲಿದ್ದವರು ಅಂದು ಗವರ್ನರ್ ಜನರಲ್ಲರಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು. ೧೯೪೯ರ ಸೆಪ್ಟೆಂಬರಿನಲ್ಲಿ ನೆಹರೂ ಅವರು ರಾಜೇಂದ್ರ ಪ್ರಸಾದರಿಗೇ ಪತ್ರ ಬರೆದು ರಾಜಾಜಿಯವರ ಹೆಸರನ್ನು ಅವರೇ ಸೂಚಿಸಿದರೆ ಒಳ್ಳೆಯದೆಂಬ ಭಾವವನ್ನು ವ್ಯಕ್ತಪಡಿಸಿದರು. ಶಾಂತಸ್ವಭಾವದ ರಾಜೇಂದ್ರ ಪ್ರಸಾದರಿಗೆ ಇದರಿಂದ ನೋವಾಯಿತು. ಆ ನೋವನ್ನು ಅವರು ಮರುಪತ್ರದಲ್ಲಿ ಮುಚ್ಚಿಡಲೂ ಇಲ್ಲ. ಆದರೆ ೧೯೪೨ರ ಚಳುವಳಿಯಿಂದ ದೂರ ಉಳಿದಿದ್ದ ರಾಜಾಜಿಯವರನ್ನು ಒಪ್ಪಲು ಸೆರೆಮನೆಗಳಿಂದ ಬಂದಿದ್ದ ಕಾಂಗ್ರೆಸ್ ಸದಸ್ಯರು ಸಿದ್ಧರಿರಲಿಲ್ಲ. ಪ್ರಧಾನಿಯ ಇಷ್ಟಕ್ಕೆ ವಿರುದ್ಧವಾಗಿ ಪಕ್ಷದ ಇಷ್ಟ ನಡೆಯಿತು. ೧೯೫೦ರ ಜನವರಿ ೨೪ರಂದು ಸಂವಿಧಾನ ಸಭೆಯ ಕೊನೆಯ ಅಧಿವೇಶನದಲ್ಲಿ ಬಂದುದು ಒಂದೇ ನಾಮಪತ್ರ. ಸೂಚಿಸಿದವರು ನೆಹರೂ, ಅನುಮೋದಿಸಿದವರು ಸರದಾರ ಪಟೇಲರು. ಎರಡು ದಿನಗಳ ತರುವಾಯ ಮುಖ್ಯ ನ್ಯಾಯಾಧೀಶ ಹರಿಲಾಲ ಕಾನಿಯಾ ಅವರು ಪ್ರಮಾಣವಚನವನ್ನು ಬೋಧಿಸಿದರು.

ಈ ಆಯ್ಕೆಯು ತಾತ್ಕಾಲಿಕವಾದುದಾಗಿತ್ತು. ಸಂವಿಧಾನವು ವಿಧಿಸಿದ್ದ ನಿಜವಾದ ಚುನಾವಣೆ ನಡೆಯಬೇಕಾದರೆ ಮೊದಲು ಲೋಕಸಭೆಯೂ ರಾಜ್ಯಸಭೆಯೂ ವಿಧಾನಸಭೆಗಳೂ ಜನರಿಂದ ಹುಟ್ಟಿಬರಬೇಕಿತ್ತು. ೧೯೫೧ರ ಕೊನೆಯಿಂದ ೧೯೫೨ರ ಆರಂಭದವರೆಗೆ ಮೊದಲ ಮಹಾಚುನಾವಣೆ ನಡೆದು ಅದು ಸಾಧ್ಯವಾಯಿತು. ಧಾರವಾಡ ಜಿಲ್ಲೆಯಿಂದ ದ.ಪ. ಕರಮರಕರ ಮತ್ತು ತಿ.ರಾ. ನೇಸವಿಯವರು ಲೋಕಸಭೆಗೆ ಆರಿಸಿಹೋದರು. ಕುಂದಗೋಳದ ಹಳೆಯ ರಾಜಧಾನಿಯಾದ ಜಮಖಂಡಿಯಿಂದ ಮುಂಬಯಿ ವಿಧಾನಸಭೆಗೆ ಆರಿಸಿಬಂದವರು ಬಸಪ್ಪ ದಾನಪ್ಪ ಜತ್ತಿಯವರು. ಸಾವಳಗಿಯ ಲಿಂಗಾಯತ ಮನೆತನದ ಈ ತರುಣರು ಕೆಲವೇ ವರುಷಗಳ ಹಿಂದೆ ಅದೇ ಸಂಸ್ಥಾನದ ಮಂತ್ರಿಯಾಗಿದ್ದವರು, ಅದರ ವಿಲೀನವನ್ನು ಕಣ್ಣಾರೆ ಕಂಡವರು.

ರಾಷ್ಟ್ರಪತಿಯ ಆಯ್ಕೆಯ ಲೆಕ್ಕಾಚಾರವನ್ನು ವಿದ್ಯಾರ್ಥಿಗಳು ಒಮ್ಮೆ ಕೂಲಂಕಷವಾಗಿ ತಿಳಿದುಕೊಳ್ಳುವುದು ಲೇಸು, ಏಕೆಂದರೆ ಇದರಲ್ಲಿ ಗಣಿತವೂ ಇದೆ, ನ್ಯಾಯವೂ ಇದೆ. ಜನರು ನೇರವಾಗಿ ಮತ ಕೊಡುವುದಿಲ್ಲ; ಜನರು ಆರಿಸಿದ ಸಂಸತ್ಸದಸ್ಯರೂ ಶಾಸಕರೂ ಕೊಡುತ್ತಾರೆ. ನಾಮಕರಣಗೊಂಡ ಸದಸ್ಯರಿಗೂ ವಿಧಾನ ಪರಿಷತ್ತಿನವರಿಗೂ ಇದರಲ್ಲಿ ಹಕ್ಕಿಲ್ಲ. ಒಬ್ಬ ಶಾಸಕನ ಮತವನ್ನು ಒಂದೆಂದು ಎಣಿಸುವುದಿಲ್ಲ. ರಾಜ್ಯದ ಜನಸಂಖ್ಯೆಯನ್ನು ಅಲ್ಲಿ ಚುನಾಯಿತರಾದ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಆತನ ಮತದ ಮೌಲ್ಯ ದೊರೆಯುತ್ತದೆ. ಹೀಗಾಗಿ ತೊಟ್ಟಿಲ ಕೂಸೂ ಸಹ ಈ ತೂಕದಲ್ಲಿ ಸೇರಿದೆ. ಎಲ್ಲ ಶಾಸಕರ ಮತಗಳ ಒಟ್ಟು ಮೌಲ್ಯವನ್ನು ಚುನಾಯಿತ ಸಂಸತ್ಸದಸ್ಯರ ಸಂಖ್ಯೆಯಿಂದ ಭಾಗಿಸಿದರೆ ಸಂಸತ್ಸದಸ್ಯನ ಮತದ ಮೌಲ್ಯ. ೧೯೫೨ರಲ್ಲಿ ಅದು ೪೯೪ ಆಗಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಕೇಂದ್ರ, ಇನ್ನೊಂದರಲ್ಲಿ ಎಲ್ಲ ರಾಜ್ಯಗಳು, ಎರಡೂ ಸಮತೂಕ. ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ ತನ್ನ ಇಷ್ಟದ ಕ್ರಮವನ್ನು ಒಂದು, ಎರಡು, ಮೂರೆಂದು ಅಂಕಿಗಳಿಂದ ಗುರುತಿಸಬೇಕು. ಅಂದು ಕನ್ನಡಿಗರು ಒಂದೇ ರಾಜ್ಯದಲ್ಲಿ ಇರಲಿಲ್ಲ. ಧಾರವಾಡದವನ ಮತ ಮುಂಬಯಿಯ ಲೆಕ್ಕಕ್ಕೆ, ಬಳ್ಳಾರಿ ಮಂಗಳೂರಿನವರದು ಮದರಾಸಿನ ಲೆಕ್ಕಕ್ಕೆ, ರಾಯಚೂರು ಕಲಬುರಗಿಯವರದು ಹೈದರಾಬಾದಿನ ಲೆಕ್ಕಕ್ಕೆ. ಮೈಸೂರಿನವರಿಗೆ ಮಾತ್ರ ಕನ್ನಡದ ವಿಧಾನಸಭೆಯಿತ್ತು.

ಕಣದಲ್ಲಿ ಐವರು ನಿಂತರು. ಪ್ರಮುಖ ಪ್ರತಿಸ್ಪರ್ಧಿ ಪ್ರೊಫೆಸರ್ ಕೆ.ಟಿ. ಶಹಾ ಅವರು. ಇವರನ್ನು ಸೋತ ಅಭ್ಯರ್ಥಿಯೆಂದು ಒಂದೇ ಮಾತಿನಲ್ಲಿ ದಾಟಿಹೋಗುವುದು ಅನ್ಯಾಯ. ಶಹಾ ಅವರು ಹೆಸರಾಂತ ಅರ್ಥಶಾಸ್ತ್ರಜ್ಞರು. ನೆಹರೂ ಅವರ ಅಧ್ಯಕ್ಷತೆಯಲ್ಲಿ ರಚಿತವಾಗಿದ್ದ ರಾಷ್ಟ್ರೀಯ ಯೋಜನಾ ಸಮಿತಿಯ ಕಾರ್ಯದರ್ಶಿಗಳು. ಬಿಹಾರದಿಂದಲೇ ಸಂವಿಧಾನ ಸಭೆಗೆ ಬಂದು, ರಾಜೇಂದ್ರ ಪ್ರಸಾದರು ಅಧ್ಯಕ್ಷರಾಗಿದ್ದ ಆ ಸಭೆಯಲ್ಲಿ ತಿದ್ದುಪಡಿಗಳ ಸುರಿಮಳೆಗೈದವರು. ಭಾರತವನ್ನು ಜಾತ್ಯತೀತ ಸಮಾಜವಾದಿ ಒಕ್ಕೂಟವೆಂದು ಸಂವಿಧಾನದಲ್ಲಿಯೇ ಸಾರಬೇಕೆಂದು ೧೯೪೮ರಲ್ಲಿ ಅವರು ಮಂಡಿಸಿದ ತಿದ್ದುಪಡಿ ಬಿದ್ದುಹೋಯಿತು. ಆ ಶಬ್ದಗಳಲ್ಲಿ ಎರಡು ೧೯೭೬ರಲ್ಲಿ ಸಂವಿಧಾನದ ಪೀಠಿಕೆಯನ್ನು ಸೇರಿದವು. ರಾಷ್ಟ್ರಪತಿಯನ್ನು ವಯಸ್ಕರಾದ ಪ್ರಜೆಗಳೆಲ್ಲರೂ ನೇರವಾಗಿ ಆರಿಸಬೇಕೆಂಬುದೂ ಅವರ ವಾದವಾಗಿತ್ತು. ಆ ವಾದದಲ್ಲಿ ಸೋತವರು ಪರೋಕ್ಷವಾದ ಚುನಾವಣೆಯಲ್ಲಿ ತಾವೇ ಅಭ್ಯರ್ಥಿಯಾಗಿ ನಿಂತುದು ಒಂದು ವಿಚಿತ್ರ. ಕಾಂಗ್ರೆಸ್ಸಿನ ಬಲವನ್ನು ನೋಡಿದರೆ ಗೆಲ್ಲುವ ಆಸೆ ಯಾರಿಗೂ ಇರಲಾರದು. ಆದರೂ ಎದುರಾಳಿಯಿಲ್ಲದ ಆಯ್ಕೆಗೂ ಎದುರಾಳಿಯನ್ನು ಗೆದ್ದ ಆಯ್ಕೆಗೂ ವ್ಯತ್ಯಾಸವಿದೆ. ೧೯೫೦ರಲ್ಲಿ ರಾಜೇಂದ್ರ ಪ್ರಸಾದರಿಗೆ ದೊರೆತುದು ಒಪ್ಪಿಗೆ. ೧೯೫೨ರಲ್ಲಿ ದೊರೆತುದು ಜನಾದೇಶ. ಆ ಹೆಚ್ಚಳವನ್ನು ದೊರಕಿಸಿಕೊಟ್ಟವರು, ನಿಜ ನುಡಿಯುವುದಾದರೆ, ಶಹಾ ಅವರು.

ಮೇ ೬ರಂದು ಎಣಿಕೆಯಾಯಿತು. ಮಾನ್ಯವಾದ ಮತಗಳ ಒಟ್ಟು ಮೌಲ್ಯ ೬,೦೫,೩೮೬. ರಾಜೇಂದ್ರ ಪ್ರಸಾದರಿಗೆ ೫,೦೭,೪೦೦. ಶಹಾ ಅವರಿಗೆ ೯೨,೮೨೭. ಉಳಿದ ಮೂವರಿಗೆ ಬಂದುದೆಲ್ಲ ಸೇರಿ ೫,೧೫೯. ನೂರಕ್ಕೆ ಎಂಬತ್ತಮೂರಕ್ಕೂ ಮೀರಿದ ಬಹುಮತ. ಮೇ ೧೩ರಂದು ಮುಖ್ಯ ನ್ಯಾಯಾಧೀಶ ಪತಂಜಲಿ ಶಾಸ್ತ್ರಿಗಳ ಎದುರು ಅವರು ಮತ್ತೆ ಪ್ರಮಾಣವಚನವನ್ನು ಸ್ವೀಕರಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಹಿಂದೆ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಡಾ. ರಾಧಾಕೃಷ್ಣನ್ನರು ಅವಿರೋಧವಾಗಿ ಉಪರಾಷ್ಟ್ರಪತಿಗಳಾದರು. ಶಹಾ ಅವರು ಮರುವರುಷವೇ, ೧೯೫೩ರಲ್ಲಿ, ಕಾಲವಾದರು.

ಅಂದು ಮತ ನೀಡುವ ಹಕ್ಕುಳ್ಳವರಾಗಿದ್ದ ಮುಂಬಯಿ ವಿಧಾನಸಭೆಯ ಸದಸ್ಯರಲ್ಲಿ ಒಬ್ಬರು ಕಾಲು ಶತಮಾನದ ಬಳಿಕ ಅದೇ ಪೀಠದ ಹೊಣೆಯನ್ನು ಹೊರಬೇಕಾಯಿತು. ಉಪರಾಷ್ಟ್ರಪತಿಗಳಾಗಿದ್ದ ಜತ್ತಿಯವರು, ರಾಷ್ಟ್ರಪತಿ ಫಕ್ರುದ್ದೀನ ಅಲಿ ಅಹಮದರು ೧೯೭೭ರ ಫೆಬ್ರವರಿ ೧೧ರಂದು ನಿಧನರಾದಾಗ, ಜುಲೈ ೨೫ರವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ಕುಂದಗೋಳವು ಒಮ್ಮೆ ಸೇರಿದ್ದ ಪುಟ್ಟ ಸಂಸ್ಥಾನದ ಅರಸನಿಗೆ ಎಂದೂ ದೊರೆಯಲಾಗದ ಸ್ಥಾನ ಅದರ ಪ್ರಜೆಯೊಬ್ಬನಿಗೆ ದೊರೆಯಿತು.

ರಾಜೇಂದ್ರ ಪ್ರಸಾದರಿಗೆ ಈ ಪದವಿಯು ಹೂವಿನ ಹಾಸಿಗೆಯಾಗಿರಲಿಲ್ಲ. ಅವರ ಅಂತಃಕರಣಕ್ಕೂ ಪದವಿಯ ನಿಯಮಕ್ಕೂ ತಾಕಲಾಟ ಬಂದದ್ದು ಹಿಂದೂ ಸಂಹಿತೆಯ ಮಸೂದೆಯಲ್ಲಿ. ಹಿಂದೂಗಳ ವಿವಾಹ, ವಿಚ್ಛೇದನ, ದಾಯಭಾಗಗಳನ್ನು ತಿದ್ದುವ ಆ ಮಸೂದೆಯನ್ನು ಅವರು ಒಪ್ಪುತ್ತಿರಲಿಲ್ಲ. ವಯಸ್ಕ ಮತದಾನದಿಂದ ಆರಿಸಿಬಾರದ ತಾತ್ಕಾಲಿಕ ಸಂಸತ್ತಿಗೆ ಇಷ್ಟು ಗುರುತರವಾದ ಬದಲಾವಣೆಯನ್ನು ಮಾಡುವ ಅಧಿಕಾರ ನೈತಿಕವಾಗಿ ಇಲ್ಲವೆಂಬುದು ಅವರ ಮುಖ್ಯ ತರ್ಕ. ೧೯೫೧ರ ಸೆಪ್ಟೆಂಬರಿನಲ್ಲಿ ಅವರು ಪ್ರಧಾನಿಗೆ ಪತ್ರ ಬರೆದು ಈ ವಿಷಯದಲ್ಲಿ ತಮ್ಮ ಸ್ವಂತ ವಿವೇಚನೆಯಂತೆ ನಡೆಯುವ ಇಚ್ಛೆಯನ್ನು ತಿಳಿಸಿದರು. ನೆಹರೂ ಅವರು ಕಾನೂನುಪಂಡಿತರನ್ನು ವಿಚಾರಿಸಿದರು. ಅಟಾರ್ನಿ ಜನರಲ್ ಸೆಟಲವಾಡರೂ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರೂ ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಗೆ ಬದ್ಧನೆಂದೇ ಅಭಿಪ್ರಾಯಪಟ್ಟರು. ದೇಶ ಗಣರಾಜ್ಯವಾಗಿ ಇನ್ನೂ ಎರಡು ವರುಷಗಳು ತುಂಬಿರಲಿಲ್ಲ. ಮೊದಲನೆಯವನು ತುಳಿದ ಹಾದಿಯೇ ಮುಂದಿನವರಿಗೆ ಮಾರ್ಗ. ಜನಪ್ರಿಯನೂ ಕಾನೂನುಪಾರಂಗತನೂ ಆದ ರಾಷ್ಟ್ರಪತಿಯು ಅಂದು ಹಟ ಹಿಡಿದಿದ್ದರೆ ದಿಲ್ಲಿಯಲ್ಲಿ ಎರಡು ಅಧಿಕಾರಪೀಠಗಳು ಎದುರುಬದುರಾಗುತ್ತಿದ್ದವು. ಅವರು ಹಟ ಹಿಡಿಯಲಿಲ್ಲ. ಮಹಾಚುನಾವಣೆ ನಡೆದು ಜನರಿಂದ ಆರಿಸಿಬಂದ ಸಂಸತ್ತು ಅದೇ ಮಸೂದೆಯನ್ನು ನಾಲ್ಕು ಭಾಗಗಳಾಗಿ ಅಂಗೀಕರಿಸಿದಾಗ ಅವರ ತರ್ಕಕ್ಕೆ ಉತ್ತರ ದೊರೆತಂತಾಯಿತು. ೧೯೫೫ರ ಮೇ ತಿಂಗಳಲ್ಲಿ ವಿವಾಹದ ಕಾಯಿದೆಗೂ ೧೯೫೬ರ ಜೂನ್ ತಿಂಗಳಲ್ಲಿ ಉತ್ತರಾಧಿಕಾರದ ಕಾಯಿದೆಗೂ ತಮಗೆ ಒಪ್ಪಿಗೆಯಿಲ್ಲದ ಆ ವಿಚಾರಗಳಿಗೆ ಅಂಕಿತ ಹಾಕಿದರು.

ಆ ಕಾಯಿದೆಗಳಲ್ಲಿ ಯಾರು ಯಾರಿಗೆ ಅವು ಅನ್ವಯಿಸುವವೆಂದು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ನಮೂದಿಸಲಾಗಿದೆ. ಆದುದರಿಂದ ರಾಷ್ಟ್ರಪತಿಯ ಆ ಒಂದು ಅಂಕಿತವು ಕುಂದಗೋಳದ ಒಕ್ಕಲುಮನೆಗಳ ಹೊಸ್ತಿಲವರೆಗೂ ಬಂದು ತಲುಪಿತು. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಪಾಲು ಎಂಬುದು ೧೯೫೬ರ ಆ ಕಾಯಿದೆಯಿಂದ ಬಂದ ಹಕ್ಕು. ಹೆಣ್ಣಿಗೂ ಲಿಂಗದೀಕ್ಷೆಯನ್ನಿತ್ತ ಧರ್ಮದವರಿಗೆ ಇದರಲ್ಲಿ ಅಸಮಾಧಾನಕ್ಕೆ ಎಡೆಯಿರಬಾರದು. ಇದ್ದುದುಂಟೆಂಬುದು ಬೇರೆ ಮಾತು.

ಅವರನ್ನು ದೋಷರಹಿತರೆಂದು ಹೊಗಳುವುದು ಅವರಿಗೆ ಪ್ರಿಯವಾಗುತ್ತಿರಲಿಲ್ಲ. ರಾಷ್ಟ್ರಪತಿಯಾಗಿದ್ದಾಗ ಕಾಶಿಯಲ್ಲಿ ಬ್ರಾಹ್ಮಣರ ಪಾದಗಳನ್ನು ತೊಳೆದುದನ್ನು ರಾಮಮನೋಹರ ಲೋಹಿಯಾ ಅವರು ಅತಿ ಕಟುವಾಗಿ ಖಂಡಿಸಿದರು. ವೈಯಕ್ತಿಕ ಶ್ರದ್ಧೆಯೆಂದು ಸಮರ್ಥಿಸುವವರೂ ಇದ್ದರು. ಚಂಪಾರಣದಲ್ಲಿ ಒಂದೇ ಒಲೆಯ ಅನ್ನವನ್ನುಂಡ ಕೈಗಳು ಹುಟ್ಟಿನ ಹಿರಿಮೆಗೆ ಹೀಗೆ ಸೇವೆ ಸಲ್ಲಿಸಿದ್ದು, ಗಣರಾಜ್ಯದ ಪ್ರಥಮ ಪ್ರಜೆಗೆ ಭೂಷಣವಾಗಿರಲಿಲ್ಲ. ಶ್ರದ್ಧೆ ಪ್ರಾಮಾಣಿಕವಾಗಿತ್ತು, ಪೀಠದ ಘನತೆ ಅದಕ್ಕಿಂತ ಹಿರಿದಾಗಿತ್ತು. ೧೯೫೧ರ ಮೇ ೧೧ರಂದು ನೆಹರೂ ಅವರ ಅಸಮ್ಮತಿಯನ್ನು ಲೆಕ್ಕಿಸದೆ ಸೋಮನಾಥ ದೇವಾಲಯದ ಪ್ರತಿಷ್ಠೆಗೆ ಹೋದುದರ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಇಂದಿಗೂ ಉಂಟು.

ನಿತ್ಯಜೀವನದಲ್ಲಿ ಮಾತ್ರ ಅವರು ಕೊನೆಯವರೆಗೂ ಜೀರಾದೇಯಿಯ ಗೃಹಸ್ಥರೇ. ೩೪೦ ಕೋಣೆಗಳ ಆ ಅರಮನೆಯಲ್ಲಿ ಕೆಲವೇ ಕೋಣೆಗಳಷ್ಟು ಅವರ ಸಂಸಾರ. ಸಂವಿಧಾನವು ಗೊತ್ತುಪಡಿಸಿದ್ದ ತಿಂಗಳ ವೇತನ ೧೦,೦೦೦ ರೂಪಾಯಿಗಳಲ್ಲಿ ತಾವಾಗಿಯೇ ಕಡಿತ ಮಾಡಿಸಿಕೊಂಡು ಬಹು ಸ್ವಲ್ಪವನ್ನು ಪಡೆಯುತ್ತಿದ್ದರು. ನಿತ್ಯವೂ ನೂಲುತ್ತಿದ್ದರು. ೧೯೬೦ರ ಜನವರಿ ೨೫ರ ರಾತ್ರಿ ಅವರನ್ನು ಸಾಕಿ ಸಲಹಿದ ಅಕ್ಕ ಭಗವತೀ ದೇವಿಯವರು ಅದೇ ಭವನದಲ್ಲಿ ತೀರಿಕೊಂಡರು. ಮರುದಿನ ಗಣರಾಜ್ಯೋತ್ಸವ. ಅಕ್ಕನ ಶವವನ್ನು ಮನೆಯಲ್ಲಿರಿಸಿ ಬೆಳಿಗ್ಗೆ ಸೈನ್ಯದ ಗೌರವವಂದನೆಯನ್ನು ಸ್ವೀಕರಿಸಿ, ಮುಖದಲ್ಲಿ ಏನನ್ನೂ ತೋರಗೊಡದೆ ನಿಂತಿದ್ದು, ಅದು ಮುಗಿದ ಮೇಲೆಯೇ ಅಂತ್ಯಸಂಸ್ಕಾರಕ್ಕೆ ಹೊರಟರು.

ಕನ್ನಡ ನಾಡಿಗೂ ಅವರಿಗೂ ಎರಡು ಸಂಬಂಧಗಳು ವಿಶೇಷವಾಗಿ ಸ್ಮರಣೀಯ. ಧಾರವಾಡದ ರಂಗನಾಥ ದಿವಾಕರರು ೧೯೫೨ರಿಂದ ೧೯೫೭ರವರೆಗೆ ರಾಜ್ಯಪಾಲರಾಗಿದ್ದುದು ರಾಷ್ಟ್ರಪತಿಗಳ ತವರುನಾಡಾದ ಬಿಹಾರದಲ್ಲಿ. ಎರಡನೆಯದು ಕರ್ನಾಟಕದ ಏಕೀಕರಣ. ಅದಕ್ಕಾಗಿ ಹುಬ್ಬಳ್ಳಿಯ ನೆರೆಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ೧೯೫೩ರಲ್ಲಿ ಕೈಕೊಂಡ ಉಪವಾಸವು ಈ ಸೀಮೆಯನ್ನೆಲ್ಲ ಅಲುಗಾಡಿಸಿತ್ತು. ೧೯೫೬ರ ಆಗಸ್ಟಿನಲ್ಲಿ ರಾಜ್ಯ ಪುನರ್ವಿಂಗಡಣೆಯ ಕಾಯಿದೆಗೆ ಅಂಕಿತ ಹಾಕಿದ ಅದೇ ರಾಜೇಂದ್ರ ಪ್ರಸಾದರು ನವೆಂಬರ್ ೧ರಂದು ಬೆಂಗಳೂರಿಗೆ ಬಂದು ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು. ಒಂಬತ್ತು ವರುಷಗಳೊಳಗೆ ಕುಂದಗೋಳವು ಜಮಖಂಡಿಯಿಂದ ಮುಂಬಯಿಗೆ, ಮುಂಬಯಿಯಿಂದ ಕನ್ನಡಿಗರ ರಾಜ್ಯಕ್ಕೆ ಬಂದು ಸೇರಿತು. ಮುಂದಿನ ರಾಷ್ಟ್ರಪತಿ ಚುನಾವಣೆಯಲ್ಲಿ ಈ ಸೀಮೆಯ ಶಾಸಕರ ಮತ ಕನ್ನಡ ರಾಜ್ಯದ ಲೆಕ್ಕದಲ್ಲಿಯೇ ಸಂದಿತು.

ಆ ಎರಡನೆಯ ಚುನಾವ���ೆ ೧೯೫೭ರಲ್ಲಿ. ಈ ಬಾರಿಯೂ ನೆಹರೂ ಅವರ ಒಲವು ಬೇರೆಯವರ ಕಡೆಗಿತ್ತು, ಡಾ. ರಾಧಾಕೃಷ್ಣನ್ನರ ಕಡೆಗೆ, ಈ ಬಾರಿಯೂ ಪಕ್ಷದ ಹಿರಿಯರು ರಾಜೇಂದ್ರ ಪ್ರಸಾದರನ್ನೇ ಬಯಸಿದರು. ೪,೫೯,೬೯೮ ಮತಮೌಲ್ಯದೊಡನೆ ಅವರು ಗೆದ್ದರು. ಎದುರಿಗೆ ನಿಂತಿದ್ದ ಇಬ್ಬರಿಗೂ ಕೂಡಿ ಐದು ಸಾವಿರವೂ ಬರಲಿಲ್ಲ. ೧೯೬೦ರ ನವೆಂಬರಿನಲ್ಲಿ ಕಾನೂನು ಸಂಸ್ಥೆಯೊಂದರ ಸಮಾರಂಭದಲ್ಲಿ ಮಾತನಾಡುತ್ತ, ರಾಷ್ಟ್ರಪತಿಯು ಸರ್ವದಾ ಮಂತ್ರಿಗಳ ಸಲಹೆಯಂತೆಯೇ ನಡೆಯಬೇಕೆಂದು ಸಂವಿಧಾನದಲ್ಲಿ ಎಲ್ಲಿ ಬರೆದಿದೆಯೆಂಬುದನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ಸೂಚಿಸಿದರು. ದಿಲ್ಲಿಯಲ್ಲಿ ಕೆಲದಿನ ಗುಲ್ಲೆದ್ದಿತು. ಹತ್ತು ವರುಷಗಳಿಂದ ಮನಸ್ಸಿನಲ್ಲಿ ಹುದುಗಿದ್ದ ಪ್ರಶ್ನೆಯನ್ನು ಅವರು ಕೇಳಿದ್ದು ಸಭೆಯಲ್ಲಿ, ಶಾಸ್ತ್ರಚರ್ಚೆಯ ರೂಪದಲ್ಲಿ. ಆಚರಣೆಯಲ್ಲಿ ಆ ಗೆರೆಯನ್ನು ಎಂದೂ ದಾಟಲಿಲ್ಲ. ಅವರ ಪ್ರಶ್ನೆಗೆ ಸಂವಿಧಾನದಲ್ಲಿಯೇ ನೇರವಾದ ಉತ್ತರವನ್ನು ಬರೆದುದು ೧೯೭೬ರ ತಿದ್ದುಪಡಿಯಲ್ಲಿ, ಅವರು ಕಾಲವಾಗಿ ಹದಿಮೂರು ವರುಷಗಳಾದ ಮೇಲೆ.

೧೯೬೨ರ ಮೇ ೧೩ರಂದು ಅಧಿಕಾರವನ್ನು ರಾಧಾಕೃಷ್ಣನ್ನರಿಗೆ ಒಪ್ಪಿಸಿದರು. ಅದೇ ವರುಷ ಭಾರತರತ್ನ ಪದವಿಯು ಅವರಿಗೆ ಸಂದಿತು. ಹನ್ನೆರಡು ವರುಷ ವೈಸರಾಯರ ಅರಮನೆಯಲ್ಲಿದ್ದವರು ಪಾಟ್ನಾಕ್ಕೆ ಮರಳಿ, ಸದಾಕತ್ ಆಶ್ರಮದ ತಮ್ಮ ಹಳೆಯ ಬಿಡಾರವನ್ನೇ ಸೇರಿದರು. ಸೆಪ್ಟೆಂಬರಿನಲ್ಲಿ ರಾಜವಂಶೀ ದೇವಿಯವರು ಅಗಲಿದರು. ಗೂರಲು ಬಲವಾಯಿತು. ೧೯೬೩ರ ಫೆಬ್ರವರಿ ೨೮ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆಶ್ರಮದಲ್ಲಿಯೇ ಅವರು ದೇಹವನ್ನು ಬಿಟ್ಟರು. ಪಾಟ್ನಾದ ಗಂಗಾತೀರದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.